ವರ್ತನೆ ಮನೆಯ ವ್ಯಾಪಾರ: ಮದ್ದೂರಿನ ಸಣ್ಣ ಅಂಗಡಿಗಳ ಕುರಿತು



ಮದ್ದೂರು ವಡೆಯ ಹೆಸರು ಊರೂರಿಗೆ ಹೋದದ್ದು ರೈಲಿನಲ್ಲಿ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಎಂಬುವರು ನಮ್ಮ ನಿಲ್ದಾಣದಲ್ಲಿ ಇಡ್ಲಿ, ಪಕೋಡ ಮಾರುತ್ತಿದ್ದರಂತೆ. 1917ರಲ್ಲಿ ಒಂದು ದಿನ ರೈಲು ಹೊತ್ತಿಗೆ ಮುಂಚೆ ಬಂದುಬಿಟ್ಟಿತು. ಪಕೋಡವನ್ನು ಒಂದೊಂದಾಗಿ ಬಿಟ್ಟು ಬೇಯಿಸುವಷ್ಟು ಪುರುಸೊತ್ತಿಲ್ಲ. ಕಲೆಸಿದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು, ಬಂದವರಿಗೆ ಕೊಟ್ಟರು, ತಿಂದವರು ಮಾರನೆಯ ಸಲವೂ ಅದನ್ನೇ ಕೇಳಿದರು. ಈ ಕಥೆಯನ್ನು ಇಲ್ಲಿರುವ ಪ್ರತಿಯೊಬ್ಬರೂ ಕೇಳಿದ್ದೀರಿ. ಕೇಳುವಾಗ ನಮ್ಮ ಗಮನವೆಲ್ಲ ತಟ್ಟಿದ ಹಿಟ್ಟಿನ ಮೇಲೆ ಇರುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಕಥೆಯ ಕೊನೆ, ಮಾರನೆಯ ಸಲ ಕೇಳಿದ್ದು. ಕೇಳಿದಾಗ ಅದೇ ವಡೆ ಸಿಕ್ಕಿತು. ಹತ್ತು ವರ್ಷ ಬಿಟ್ಟು ಕೇಳಿದವರಿಗೂ ಅದೇ ಸಿಕ್ಕಿತು. ಪ್ರಚಾರ ಎಂದು ಏನಾದರೂ ನಡೆದಿದ್ದರೆ ಅದು ಅಷ್ಟೆ. ಬೆಂಗಳೂರಿನಿಂದ ಮೈಸೂರಿಗೆ ಹೋದ ಒಬ್ಬರು ಮನೆಯವರಿಗೆಂದು ನಾಲ್ಕು ವಡೆ ಪೊಟ್ಟಣ ಕಟ್ಟಿಸಿಕೊಂಡರು, ಅದನ್ನು ತಿಂದ ಮನೆಯವರು ತಾವು ಹೋಗುವಾಗ ಕಿಟಕಿಯಿಂದ ಕೈ ಚಾಚಿದರು.

ಇವತ್ತಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಸಣ್ಣ ವ್ಯಾಪಾರದವರು ತಮ್ಮ ಸರಕಿನ ಸುದ್ದಿಯನ್ನು ಜನಕ್ಕೆ ಮುಟ್ಟಿಸುವ ಬಗೆ. ಅದೂ ಕೈಯಲ್ಲಿರುವ ಮೊಬೈಲಿನ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮುಗಳ ಹಂಗಿಲ್ಲದೆ, ಸುಳ್ಳು ಹೇಳದೆ, ಗಿರಾಕಿಯ ಮೇಲೆ ಬೀಳದೆ. ಹೀಗೆ ಮಾಡಿ ಬದುಕುವುದು ಸಾಧ್ಯವೇ ಎಂದು ಅನೇಕ ಯುವಕರು ಕೇಳುತ್ತಾರೆ. ಸಾಧ್ಯ ಎಂದು ನಾನು ನಂಬಿದ್ದೇನೆ. ಆದರೆ ಅದಕ್ಕೆ ಮುಂಚೆ ನಮ್ಮ ಊರಿಗೆ ಆದದ್ದೇನು ಎಂಬುದನ್ನು ಸರಿಯಾಗಿ ನೋಡಬೇಕು.

2023ರ ಮಾರ್ಚ್ 12ರಂದು ನಮ್ಮದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿಯವರು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಅಷ್ಟೂ ಊರುಗಳನ್ನು ಹೊರಗಿನಿಂದಲೇ ಬಳಸಿಕೊಂಡು ರಸ್ತೆ ಮುಂದೆ ಹೋಯಿತು. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತು. ಪ್ರಯಾಣಿಕರಿಗೆ ಅದು ದೊಡ್ಡ ಅನುಕೂಲವೇ, ಅದರಲ್ಲಿ ಎರಡು ಮಾತಿಲ್ಲ. ಹಳೇ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಬಾಣಲೆ ಇಡುತ್ತಿದ್ದವರ ಮುಂದೆ ಮಾತ್ರ ಕಾರುಗಳು ನಿಲ್ಲುವುದು ನಿಂತಿತು. ಚನ್ನಪಟ್ಟಣದ ಗೊಂಬೆ ಅಂಗಡಿಗಳದ್ದೂ ಇದೇ ಗೋಳು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಹೆದ್ದಾರಿಯ ಮುಖ್ಯ ಪಥಕ್ಕೆ ಬಿಡದೆ ಪಕ್ಕದ ರಸ್ತೆಗೆ ಹಾಕಿದ್ದರಿಂದ ಕೆಲವು ಗಾಡಿಗಳಾದರೂ ಊರೊಳಗೆ ಉಳಿದವು.

ಆಗ ನಾವೆಲ್ಲ ರಸ್ತೆಯನ್ನು ಬೈದೆವು. ಬೈಯುವುದಕ್ಕೆ ಕಾರಣವೂ ಇತ್ತು. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ನಮ್ಮ ಅಂಗಡಿಗಳ ಮುಂದೆ ನಿಂತು ತಿಂದು ಹೋದವರು ಯಾರು? ಅವರ ಹೆಸರೇನು, ಊರು ಯಾವುದು, ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರೆಯೇ, ಮಗಳ ಮದುವೆ ಯಾವಾಗ? ನಮಗೆ ಗೊತ್ತಿರಲಿಲ್ಲ. ಬಂದರು, ತಿಂದರು, ಹೋದರು. ರಸ್ತೆ ಅವರನ್ನು ಕರೆತರುತ್ತಿತ್ತು, ನಾವು ಬಾಣಲೆಯ ಮುಂದೆ ನಿಂತಿದ್ದೆವು. ಜಾಗ ದುಡಿಯುತ್ತಿತ್ತು. ಜಾಗ ಹೋದ ದಿನ, ಕರೆದು ಹೇಳೋಣವೆಂದರೆ ನಮ್ಮ ಹತ್ತಿರ ಒಂದು ವಿಳಾಸವೂ ಇರಲಿಲ್ಲ.

ಹಿಂದಿನವರ ವ್ಯಾಪಾರ ಹೀಗಿರಲಿಲ್ಲ. ನಮ್ಮ ಸೀಮೆಯಲ್ಲಿ ಹಾಲು, ಹೂವು, ಮಡಿಕೆ, ಎಣ್ಣೆ ಎಲ್ಲಕ್ಕೂ ವರ್ತನೆ ಮನೆಗಳಿದ್ದವು, ಅಂದರೆ ಒಬ್ಬರಿಂದಲೇ ಕೊಳ್ಳುವ ಗೊತ್ತಾದ ಮನೆಗಳು. ಹೂವಿನಾಕೆ ಯಾವ ಮನೆಗೆ ಎಷ್ಟು ಮೊಳ, ಯಾರಿಗೆ ಕನಕಾಂಬರ ಆಗುವುದಿಲ್ಲ, ಯಾವ ಮನೆಯಲ್ಲಿ ಸೂತಕ ಎಂಬುದನ್ನು ತಲೆಯಲ್ಲಿ ಇಟ್ಟುಕೊಂಡಿರುತ್ತಿದ್ದಳು. ಕಮ್ಮಾರ, ಬಡಗಿಗೆ ಸುಗ್ಗಿಯಲ್ಲಿ ಆಯ, ಅಂದರೆ ವರ್ಷದ ಕೆಲಸಕ್ಕೆ ಕಾಳಿನ ಪಾಲು, ಅಳೆಯುತ್ತಿದ್ದರು. ಅದರಲ್ಲಿ ಜಾತಿಯ ಕಟ್ಟು ಇತ್ತು, ಅನ್ಯಾಯವೂ ಇತ್ತು, ಆ ವ್ಯವಸ್ಥೆ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಅದರೊಳಗಿನ ಒಂದು ಗುಣವನ್ನು ಮಾತ್ರ ಎತ್ತಿಕೊಳ್ಳಬೇಕು ಅನ್ನುತ್ತೇನೆ. ಮಾರುವವರಿಗೆ ಕೊಳ್ಳುವವರ ಗುರುತಿತ್ತು. ಇವತ್ತು ಕೆಟ್ಟ ಸರಕು ಕೊಟ್ಟರೆ ನಾಳೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತು.

ಇಂಥದೇ ಗುರುತಿನ ವ್ಯಾಪಾರಕ್ಕೆ ಹೆಸರಾದ ತೊಯಾಮ ಎಂಬ ಪ್ರಾಂತ್ಯ ಜಪಾನಿನಲ್ಲಿದೆ. ಅಲ್ಲಿನ ಔಷಧಿ ಮಾರುವವರು ಹದಿನೇಳನೇ ಶತಮಾನದ ಕೊನೆಯಿಂದ ಒಂದು ಪದ್ಧತಿ ನಡೆಸಿಕೊಂಡು ಬಂದರು. ಬೆನ್ನಿಗೆ ಗಂಟು ಹೊತ್ತು ದೂರದ ಹಳ್ಳಿಗಳಿಗೆ ಹೋಗುವುದು, ಮನೆಮನೆಗೂ ಔಷಧಿಯ ಪೆಟ್ಟಿಗೆ ಇಟ್ಟು ಬರುವುದು. ಆಗ ದುಡ್ಡು ಕೇಳುತ್ತಿರಲಿಲ್ಲ. ಮುಂದಿನ ಸಲ ಬಂದಾಗ ಪೆಟ್ಟಿಗೆ ತೆರೆದು, ಬಳಸಿದ್ದಕ್ಕೆ ಮಾತ್ರ ಹಣ ತೆಗೆದುಕೊಂಡು, ಖಾಲಿಯಾದದ್ದನ್ನು ತುಂಬಿಸುತ್ತಿದ್ದರು. ಮಕ್ಕಳ ಕೈಗೆ ಕಾಗದದ ಬಲೂನು ಕೊಟ್ಟು ಹೋಗುತ್ತಿದ್ದರು. ಅವರ ಬಳಿ ಒಂದು ಪುಸ್ತಕ ಇರುತ್ತಿತ್ತು, ಯಾವ ಮನೆಯಲ್ಲಿ ಎಷ್ಟು ಜನ, ಯಾವ ಔಷಧಿ ಎಷ್ಟು ಖರ್ಚಾಯಿತು ಎಂದೆಲ್ಲ ಬರೆದದ್ದು. ವ್ಯಾಪಾರ ಬಿಡುವಾಗ ಆ ಪುಸ್ತಕವನ್ನೇ ಒಳ್ಳೆಯ ಬೆಲೆಗೆ ಮಾರುತ್ತಿದ್ದರು. ಸರಕಿಗಿಂತ, ಜಾಗಕ್ಕಿಂತ ಪುಸ್ತಕಕ್ಕೆ ಬೆಲೆ. ನಮ್ಮ ವಡೆ ಅಂಗಡಿಯವರ ಹತ್ತಿರ ಅಂಥದೊಂದು ಪುಸ್ತಕ ಇದ್ದಿದ್ದರೆ 2023ರ ಬೇಸಿಗೆ ಅಷ್ಟು ಬಿಸಿಯಾಗಿ ತಟ್ಟುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಈಗ ಮೊಬೈಲಿನ ವಿಷಯ. ರೀಲ್ಸ್ ಮಾಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಹಿಟ್ಟು ಕಲೆಸುವುದು, ಬೇಯಿಸುವುದು, ಗಲ್ಲಾ ನೋಡುವುದು, ಪಾತ್ರೆ ತೊಳೆಯುವುದು ಎಲ್ಲವನ್ನೂ ಗಂಡ ಹೆಂಡಿರಿಬ್ಬರೇ ಮಾಡುವ ಅಂಗಡಿಗೆ ಈ ಸಲಹೆ ಎಷ್ಟು ಭಾರ ಎಂದು ಕೊಡುವವರು ಯೋಚಿಸುವುದಿಲ್ಲ. ದಿನಾ ಹೊಸದೊಂದು ತೋರಿಸದಿದ್ದರೆ ಮರೆತುಬಿಡುವ ಜಾಗ ಅದು. ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಎಂಬ ತೀರ್ಮಾನವೂ ನಮ್ಮದಲ್ಲ, ಎಲ್ಲೋ ಕೂತ ಕಂಪನಿಯದು. ಒಂದು ವಿಡಿಯೊ ಓಡಿತು ಅನ್ನಿ, ಒಂದು ಭಾನುವಾರ ಇನ್ನೂರು ಜನ ಬಂದು ಸಾಲು ನಿಲ್ಲುತ್ತಾರೆ. ಆ ಸಾಲು ನೋಡಿ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಮೇಷ್ಟ್ರು ವಾಪಸ್ ಹೋಗುತ್ತಾರೆ. ಇನ್ನೂರು ಜನ ಮುಂದಿನ ವಾರ ಬೇರೆ ಊರಿಗೆ ಹೋಗುತ್ತಾರೆ, ಮೇಷ್ಟ್ರೂ ಬರುವುದಿಲ್ಲ. ಇದೂ ಇನ್ನೊಂದು ಹೆದ್ದಾರಿಯೇ. ನಾವು ಹಾಕಿದ ರಸ್ತೆಯಲ್ಲ, ಯಾವತ್ತು ಬೇಕಾದರೂ ತಿರುಗೀತು. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದಕ್ಕೆ, ವಾಟ್ಸಾಪಿನಲ್ಲಿ ಲೆಕ್ಕ ಕಳಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಅವು ಹಳೇ ಪೋಸ್ಟ್ ಕಾರ್ಡಿನ ಕೆಲಸ ಮಾಡುತ್ತವೆ, ಗುರುತಿರುವವರ ನಡುವಿನ ಮಾತು ಅದು.

ನಮ್ಮ ಸುತ್ತಲೇ ಇರುವ ಒಂದು ವ್ಯಾಪಾರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮದ್ದೂರಿನ ಎಳನೀರು ಮಾರುಕಟ್ಟೆ ದೇಶಕ್ಕೆಲ್ಲ ಹೆಸರಾದದ್ದು. ಲಾರಿಗಟ್ಟಲೆ ಕಾಯಿ ಮುಂಬೈಗೆ, ದೆಹಲಿಗೆ ಹೋಗುತ್ತದೆ. ಅಲ್ಲಿ ಕುಡಿದವರಿಗೆ ಅದು ಕೊಪ್ಪದ ತೋಟದ್ದೋ ಬೆಸಗರಹಳ್ಳಿಯದ್ದೋ ಗೊತ್ತಾಗುವುದಿಲ್ಲ, ಬೆಳೆದವರ ಹೆಸರು ಮಾರುಕಟ್ಟೆಯ ಗೇಟಿನಲ್ಲೇ ಕಳಚಿಕೊಳ್ಳುತ್ತದೆ. ಅದೇ ಕಾಯನ್ನು ಹಳೇ ರಸ್ತೆಯ ಮರದ ಕೆಳಗೆ ಮಾರುವ ಹೆಂಗಸನ್ನು ನೋಡಿ. "ನೀರಾ, ಗಂಜಿಯಾ ಸಾ?" ಎಂಬುದು ಮೊದಲ ಮಾತು. ಗಂಜಿ ಅಂದರೆ ರಾಶಿಯಲ್ಲಿ ಕೈಯಾಡಿಸಿ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ತಟ್ಟಿ, ಬೇಡವೆಂದು ಪಕ್ಕಕ್ಕಿಟ್ಟು ಇನ್ನೊಂದು ತೆಗೆಯುತ್ತಾಳೆ. ಮೂರು ಏಟಿಗೆ ತಲೆ ಕೆತ್ತಿ, ಕತ್ತಿಯ ಮೂತಿಯಿಂದ ಕಣ್ಣು ಮಾಡಿ ಕೊಡುತ್ತಾಳೆ. ಕುಡಿದಾದ ಮೇಲೆ ಎರಡು ಹೋಳು ಮಾಡಿ, ಸಿಪ್ಪೆಯದೇ ಒಂದು ಚೂರು ಕೆತ್ತಿ ಚಮಚ ಮಾಡಿ ಹೋಳಿನಲ್ಲಿಟ್ಟು ಕೊಡುತ್ತಾಳೆ. ಒಡೆದಾಗ ಗಂಜಿಯೇ ಇಲ್ಲದಿದ್ದರೆ? ಕಸುಬು ಬಲ್ಲವಳು ಗಿರಾಕಿ ಬಾಯಿ ಬಿಡುವ ಮುಂಚೆ ಇನ್ನೊಂದು ಕಾಯಿಗೆ ಕೈ ಹಾಕುತ್ತಾಳೆ. ಆ ಕಾಯಿಯ ನಷ್ಟ ಅವಳದು. ಆದರೆ ಅವತ್ತು ಅಲ್ಲಿ ನಿಂತಿದ್ದ ಐದು ಜನ ಅದನ್ನು ನೋಡಿರುತ್ತಾರೆ. ಕೇಳಿ ತಿಳಿದುಕೊಂಡು ಕೊಡುವುದು, ಮಾತು ತಪ್ಪಿದರೆ ತಾನೇ ತುಂಬಿಕೊಡುವುದು, ಇವೆರಡನ್ನೂ ಅವಳು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ.

ಕೊಸರು ಹಾಕುವುದೂ ಹಾಗೆಯೇ. ಸಂತೆಯಲ್ಲಿ ಅವರೆಕಾಯಿ ತೂಗಿ ಚೀಲಕ್ಕೆ ಸುರಿದ ಮೇಲೆ ಒಂದು ಹಿಡಿ ಮೇಲೆ ಹಾಕುತ್ತಾರಲ್ಲ, ಅದನ್ನು ರಿಯಾಯಿತಿ ಎಂದು ಯಾರೂ ಬೋರ್ಡು ಹಾಕುವುದಿಲ್ಲ. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಕೂಗುವ ಅಂಗಡಿ ಮೊದಲೇ ಬೆಲೆ ಏರಿಸಿರುತ್ತದೆ. ಕೊಸರಿನಲ್ಲಿ ಆ ಲೆಕ್ಕ ಇಲ್ಲ, ತೂಕ ಮುಗಿದ ಮೇಲೆ ಬರುವ ಕೈ ಅದು. ನಮ್ಮ ಶರಣರ ಕಥೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ಅವತ್ತಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದವಳು. ವ್ಯಾಪಾರದಲ್ಲಿರುವವರು ಪ್ರತಿಯೊಬ್ಬರೂ ಲಕ್ಕಮ್ಮ ಆಗುವುದು ಕಷ್ಟ, ಬಾಡಿಗೆ ಕಟ್ಟಬೇಕು, ಮಕ್ಕಳ ಫೀಸು ಇರುತ್ತದೆ. ಆದರೂ ಬೆಲೆ ಬರೆಯುವಾಗ ಆಕೆಯನ್ನು ಒಮ್ಮೆ ನೆನೆಸಿಕೊಂಡರೆ ಸೀಮೆಸುಣ್ಣ ಹಿಡಿದ ಕೈ ತುಸು ತಡೆಯುತ್ತದೆ.

ಬೆಲೆಯ ಮಾತು ಬಂದದ್ದರಿಂದ ಬೆಂಗಳೂರಿನ ಒಂದು ಪ್ರಸಂಗ ಹೇಳಬೇಕು. ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದ ಮೇಲೆ ಶುಚಿತ್ವವನ್ನೇ ವ್ರತ ಮಾಡಿಕೊಂಡರು. ತಿನ್ನಲು ಬಂದವರು ಅಡುಗೆಮನೆಯನ್ನು ನೋಡಿಕೊಂಡೇ ಒಳಗೆ ಬರುವಂತೆ ದಾರಿ ಮಾಡಿಸಿದರು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲು ತಿಂಡಿಗೆ ಬೆಲೆ ಕಟ್ಟಿತು. ಆ ಬೆಲೆಗೆ ಕೊಡಬೇಕಾದರೆ ತುಪ್ಪ ಕಡಿಮೆ ಮಾಡಬೇಕು, ಬೇಳೆ ತೆಳುವಾಗಬೇಕು. ಹೋಟೆಲಿನವರು ಹಾಗೆ ಮಾಡಲಿಲ್ಲ. ರುಚಿ ಹಾಗೇ ಉಳಿಸಿಕೊಂಡು, ದಿನದ ನಷ್ಟ ಎಷ್ಟಾಯಿತೆಂದು ಹೊರಗೆ ಬೋರ್ಡಿನಲ್ಲಿ ಬರೆದು ಹಾಕಿದರು. ಹೆಚ್ಚು ದಿನ ಹಾಗೆ ನಡೆಯುವುದಿಲ್ಲ, ಕೊನೆಗೆ ಹೋಟೆಲು ಸ್ವಲ್ಪ ಕಾಲ ಮುಚ್ಚಬೇಕಾಯಿತು. ಹೋಟೆಲಿನ ಕೆಲಸಗಾರರಿಗೆ ದಾರಿ ಮಾಡಲೆಂದು ಶುರುವಾದ ಪುಡಿ, ಮಿಶ್ರಣಗಳ ವ್ಯಾಪಾರ ಆಮೇಲೆ ಲೋಕಕ್ಕೆಲ್ಲ ಹೋಯಿತು. ಜನ ಆ ಪೊಟ್ಟಣಗಳನ್ನು ಮೊದಲ ದಿನವೇ ನಂಬಿ ಕೊಂಡರೆ, ಅದರ ಹಿಂದೆ ಆ ಅಡುಗೆಮನೆಯ ಬಾಗಿಲೂ ಆ ಬೋರ್ಡೂ ಇದ್ದವು ಎಂದೇ ನಾನು ತಿಳಿಯುತ್ತೇನೆ.

ನಮ್ಮ ಆಲೆಮನೆಯವರಿಗೆ ಈ ಬೋರ್ಡು ತುರ್ತಾಗಿ ಬೇಕು. ಮಂಡ್ಯದ ಮಾರುಕಟ್ಟೆಗೆ ಅಚ್ಚು, ಕುರಿಕಾಲು, ಮುದ್ದೆ, ಬಕೆಟ್ ಎಂದು ಬಗೆಬಗೆಯ ಬೆಲ್ಲ ಬರುತ್ತದೆ. ಕೊಳ್ಳುವವರ ಕಣ್ಣಿಗೆ ಬೆಳ್ಳಗೆ, ಹಳದಿಯಾಗಿ ಹೊಳೆಯಬೇಕು. ಆ ಬಣ್ಣಕ್ಕಾಗಿ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಅದನ್ನು ಹಾಕದೆ, ಬೆಂಡೆ ಗಿಡದ ಲೋಳೆಯಲ್ಲಿ ಕೊಳೆ ತೆಗೆದು, ಹದವಾಗಿ ಸುಣ್ಣ ಬಿಟ್ಟು ಕಾಯಿಸಿದ ಬೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ಬೇಗ ನೀರೂ ಬಿಡಬಹುದು. ಪ್ರಾಮಾಣಿಕವಾಗಿ ಮಾಡಿದವರ ಬೆಲ್ಲವೇ ನೋಡಲು ಕಳಪೆಯಾಗಿ ಕಾಣುವುದು ಈ ಕಸುಬಿನ ದುಃಖ. ಅಂಥವರು ಏನು ಮಾಡಬೇಕು? ಫೋಟೊದಲ್ಲಿ ಈ ಬೆಲ್ಲ ಸೋಲುತ್ತದೆ. ನಾಲಿಗೆಯ ಮೇಲೆ ಗೆಲ್ಲುತ್ತದೆ. ಆದ್ದರಿಂದ ಗಿರಾಕಿಯ ಅಂಗೈಗೆ ಎರಡು ಚೂರು ಇಡಬೇಕು, ಒಂದು ಹೊಳೆಯುವುದು, ಒಂದು ಕಂದು. ಬೆಲ್ಲ ಕಂದಾಗಿರುವುದೇಕೆ ಎಂದು ಎರಡು ಸಾಲಿನಲ್ಲಿ ಬರೆದಿಡಬೇಕು. ಮಳೆಗಾಲದಲ್ಲಿ ಡಬ್ಬಿ ಮುಚ್ಚಿಡಿ, ನೀರು ಬಿಡುತ್ತದೆ ಎಂದು ಮೊದಲೇ ಹೇಳಬೇಕು. ತನ್ನ ಸರಕಿನ ಕೊರತೆಯನ್ನು ತಾನೇ ಹೇಳುವ ಅಂಗಡಿಯವನ ಉಳಿದ ಮಾತನ್ನು ಜನ ನಂಬುತ್ತಾರೆ. ಕಬ್ಬು ಅರೆಯುವ ಒಂದು ದಿನ ಹತ್ತು ಮನೆಯವರನ್ನು ಆಲೆಮನೆಗೆ ಕರೆದು, ಕಬ್ಬಿನ ಹಾಲು ಕುಡಿಸಿ, ಬಿಸಿ ಪಾಕ ತಿನ್ನಿಸಿ ಕಳಿಸಿದರೆ ಆ ಹತ್ತು ಮನೆ ವರ್ಷವಿಡೀ ಬೇರೆ ಬೆಲ್ಲ ಕೊಳ್ಳುವುದು ಕಷ್ಟ.

ಹೊಲಕ್ಕೆ ಕರೆಯುವ ಈ ದಾರಿಯನ್ನು ನಮ್ಮವರು ಆಗಲೇ ತುಳಿದಿದ್ದಾರೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರ ಬಡಾ ಬಾಗ್ ಇದೆ. ಹಿರಿಯರಿಂದ ಬಂದ ಮಾವಿನ ತೋಪಿನಲ್ಲಿ ನೂರಕ್ಕೂ ಹೆಚ್ಚು ತಳಿಗಳನ್ನು ಉಳಿಸಿಕೊಂಡಿದ್ದಾರೆ, ಗದ್ದೆಯಲ್ಲಿ ನೂರಾರು ಬಗೆಯ ಭತ್ತ. ರಾಜಮುಡಿ, ರತ್ನಚೂಡಿ, ಗಂಧಸಾಲೆಯಂಥ ಹೆಸರುಗಳನ್ನು ಮರೆತೇಬಿಟ್ಟಿದ್ದ ಸೀಮೆಯಲ್ಲಿ ತೆನೆಗಳನ್ನು ಕಟ್ಟಿ ತೂಗುಹಾಕಿ ಮನೆಯನ್ನೇ ಭತ್ತದ ಸಂಗ್ರಹಾಲಯ ಮಾಡಿದರು. ರೈತರು, ವಿದ್ಯಾರ್ಥಿಗಳು ಬಂದು ಪಾತಿಯಿಂದ ಪಾತಿಗೆ ನಡೆದು ನೋಡುತ್ತಾರೆ, ಬೀಜ ಒಯ್ಯುತ್ತಾರೆ. ಕೊಳ್ಳಿ ಎಂದು ಕೂಗುವ ಪ್ರಮೇಯವೇ ಅಲ್ಲಿ ಬರುವುದಿಲ್ಲ, ನೋಡಿದವರು ಕೇಳದೆ ಹೋಗುವುದಿಲ್ಲ. ಅಮೆರಿಕದಿಂದ ಮರಳಿದ ಎಂಜಿನಿಯರ್ ಮಧು ಚಂದನ್ ಅವರು 2015ರಲ್ಲಿ ಮಂಡ್ಯದ ಸಾವಯವ ರೈತರನ್ನು ಒಗ್ಗೂಡಿಸಿ ಹೆದ್ದಾರಿಯ ಬದಿಯಲ್ಲೇ ಮಳಿಗೆ ತೆರೆದರು. ಅವರೂ ಪೇಟೆಯವರನ್ನು ನಾಟಿಗೆ, ಕಳೆಗೆ ಬನ್ನಿ ಎಂದು ಗದ್ದೆಗೆ ಕರೆಸಿದರು. ಒಂದು ದಿನ ಕೆಸರಿಗಿಳಿದು ಸೊಂಟ ನೋಯಿಸಿಕೊಂಡವರು ಅಕ್ಕಿಯ ಬೆಲೆಗೆ ಚೌಕಾಸಿ ಮಾಡುವಾಗ ಎರಡು ಸಲ ಯೋಚಿಸುತ್ತಾರೆ.

ಇನ್ನು ಹೆಸರಿನ ಪ್ರಶ್ನೆ. ಇದನ್ನು ನಾನು ತುಸು ಕಟುವಾಗಿಯೇ ಹೇಳುತ್ತೇನೆ, ಊರಿನ ಮೇಲಿನ ಪ್ರೀತಿಯಿಂದ. ಮದ್ದೂರು ವಡೆ ಎಂಬ ಹೆಸರು ಒಬ್ಬರ ಸ್ವತ್ತಲ್ಲ. ಬುಧ್ಯರ ಸಸ್ಯಾಹಾರಿ ಟಿಫಿನ್ ರೂಮಿನಿಂದ ಬಂದ ಕೈಗಳಿವೆ, 1987ರಲ್ಲಿ ಹೆದ್ದಾರಿಗೆ ಬಂದ ಮದ್ದೂರು ಟಿಫಾನೀಸ್ ಇದೆ, ಬೋಗಿಯಿಂದ ಬೋಗಿಗೆ ಬುಟ್ಟಿ ಹೊತ್ತು ಕೂಗಿದವರಿದ್ದಾರೆ, ಬೇರೆ ಬೇರೆ ಊರುಗಳಲ್ಲಿ ಅದೇ ಹೆಸರಿನಲ್ಲಿ ಕರಿಯುವವರು ಎಣಿಕೆಗೆ ಸಿಗುವುದಿಲ್ಲ. ಎಲ್ಲರೂ ಒಂದೇ ಹೆಸರನ್ನು ತಿನ್ನುತ್ತಿದ್ದೇವೆ. ಯಾರೋ ಒಬ್ಬರು ಕಾದು ಕಾದು ಕಪ್ಪಾದ ಎಣ್ಣೆಯಲ್ಲಿ ಕರಿದು, ನಿನ್ನೆಯದನ್ನು ಇವತ್ತು ಬಿಸಿ ಮಾಡಿ ಕೊಟ್ಟರೆ, ತಿಂದವರು ಆ ಅಂಗಡಿಯ ಹೆಸರು ಹೇಳುವುದಿಲ್ಲ. "ಮದ್ದೂರು ವಡೆ ಮೊದಲಿನಂತಿಲ್ಲ" ಅನ್ನುತ್ತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಗೂ ಇದೇ ಗತಿ. ಗಿಡ್ಡ ಕಾಲು, ದುಂಡು ಮೈಯ ಆ ತಳಿಯ ಹೆಸರು ಬೆಂಗಳೂರಿನ ಮಾಂಸದಂಗಡಿಗಳ ಬಾಯಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆಯೆಂದರೆ, ಸಾಕುವವರಿಗೆ ಅದರಿಂದ ಏನು ಬಂತು ಎಂದು ಕೇಳುವವರೇ ಇಲ್ಲ.

ಆದ್ದರಿಂದ ಸಣ್ಣ ಅಂಗಡಿಯ ಪ್ರಚಾರ ಒಬ್ಬರ ಕೈಯಲ್ಲಿ ಪೂರ್ತಿಯಾಗುವಂಥದ್ದಲ್ಲ. ಪಕ್ಕದ ಅಂಗಡಿಯವನು ಒಳ್ಳೆಯ ಸರಕು ಕೊಟ್ಟರೆ ನನಗೆ ಲಾಭ, ಅವನು ಮೋಸ ಮಾಡಿದರೆ ನನಗೂ ನಷ್ಟ. ನನ್ನಲ್ಲಿ ವಡೆ ಮುಗಿದಾಗ "ಅಲ್ಲಿ ಹೋಗಿ, ಚೆನ್ನಾಗಿ ಮಾಡುತ್ತಾರೆ" ಎಂದು ಪಕ್ಕದವನ ಕಡೆ ಕೈ ತೋರಿಸುವುದು ನಮ್ಮಲ್ಲಿ ಅಪರೂಪ. ಆ ಒಂದು ಮಾತು ಕೇಳಿದ ಗಿರಾಕಿ ಇಬ್ಬರನ್ನೂ ನೆನಪಿಟ್ಟುಕೊಳ್ಳುತ್ತಾನೆ.

ಇಲ್ಲಿ ಕೂತಿರುವ ವಡೆ ಮಾಡುವವರ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಹಿಟ್ಟಿಗೆ ಬಿಡುವ ಬಿಸಿ ಎಣ್ಣೆಯೋ ತುಪ್ಪವೋ, ಇಷ್ಟೇ ಇದರ ಸಾಮಾನು, ಮುಚ್ಚಿಡುವ ಗುಟ್ಟೇನೂ ಇಲ್ಲ. ಹಿಟ್ಟು ಕಲೆಸುವಾಗ ಈರುಳ್ಳಿ ಬಿಡುವ ನೀರನ್ನು ನೋಡಿಕೊಂಡು ನೀರು ಚಿಮುಕಿಸುವ ಬೆರಳಿನಲ್ಲಿ, ಉರಿ ಇಳಿಸಿ ನಡುವೆಯೂ ಗರಿಯಾಗುವ ತನಕ ಕಾಯುವ ಸಹನೆಯಲ್ಲಿ ಗುಟ್ಟಿದೆ, ಅದನ್ನು ಯಾರೂ ಕದಿಯಲಾರರು. ಹಾಗಿರುವಾಗ ಊರಿನ ವಡೆಯವರೆಲ್ಲ ಒಂದು ಸಂಜೆ ಕೂತು ನಾಲ್ಕು ಮಾತು ಒಪ್ಪಿಕೊಳ್ಳಲು ಏನಡ್ಡಿ? ಎಣ್ಣೆಯನ್ನು ಎಷ್ಟು ಸಲದ ಮೇಲೆ ಚೆಲ್ಲಬೇಕು, ಉಳಿದದ್ದನ್ನು ಮಾರನೆಯ ದಿನ ಮಾರಬಾರದು, ಪೊಟ್ಟಣದ ಮೇಲೆ ಕರಿದ ದಿನವನ್ನು ಪೆನ್ನಿನಲ್ಲಾದರೂ ಬರೆಯಬೇಕು, ಚೆನ್ನಾಗಿಲ್ಲವೆಂದು ವಾಪಸ್ ತಂದರೆ ವಾದವಿಲ್ಲದೆ ಬದಲಿಸಬೇಕು. ಒಪ್ಪಿದ್ದನ್ನು ಕಾಗದದಲ್ಲಿ ಅಚ್ಚು ಹಾಕಿಸಿ ಪ್ರತಿ ಅಂಗಡಿಯಲ್ಲೂ ಅಂಟಿಸಬೇಕು. ಗಲ್ಲಾದ ಪಕ್ಕ ಒಂದು ಉದ್ದ ನೋಟ್ ಪುಸ್ತಕ ಇಡಬೇಕು. ಮನಸ್ಸಿದ್ದವರು ಹೆಸರು, ಊರು, ಫೋನು ಬರೆಯಲಿ, ಇಲ್ಲದವರನ್ನು ಬಲವಂತ ಮಾಡಬೇಡಿ. ಬರೆದವರಿಗೆ ದಿನಾ ಫೋನು ಮಾಡಿ ಪೀಡಿಸಬೇಡಿ. ಗೌರಿ ಹಬ್ಬಕ್ಕೆ ಒಂದು, ದೀಪಾವಳಿಗೆ ಒಂದು ಕಾರ್ಡು ಸಾಕು, ಮನೆಯ ಮದುವೆಗೆ, ಗೃಹಪ್ರವೇಶಕ್ಕೆ ಎಷ್ಟು ಬೇಕು ಎಂದು ಕೇಳಿ, ಹಿಂದಿನ ರಾತ್ರಿಯಲ್ಲ, ಅವತ್ತಿನ ಬೆಳಿಗ್ಗೆಯೇ ಕರಿದು ಕಳಿಸಿದರಾಯಿತು.

ಮೊದಲ ವರ್ಷ ಪುಸ್ತಕದಲ್ಲಿ ನೂರು ಹೆಸರು ಸೇರದಿರಬಹುದು. ಸೇರಿದವರಲ್ಲಿ ಮೂವತ್ತು ಮನೆಯವರು ಕಾರ್ಡು ನೋಡಿ ಮದ್ದೂರಿನ ತಿರುವಿನಲ್ಲಿ ಹೆದ್ದಾರಿ ಇಳಿದು ಒಳಗೆ ಬಂದರೆ, ಅಷ್ಟರಿಂದ ಶುರು ಮಾಡಬಹುದು. ಸಭೆಗೆ ಜಾಗ ಬೇಕಾದರೆ ಈ ಸಭಾಂಗಣವನ್ನೇ ಕೊಡಿಸುವಂತೆ ಅಧ್ಯಕ್ಷರನ್ನು ಕೇಳಿಕೊಳ್ಳುತ್ತೇನೆ. ದಿನ ನೀವು ಹೇಳಿ, ಬಾಣಲೆ ಇಳಿಸಿದ ಮೇಲಿನ ಹೊತ್ತಾದರೆ ಎಲ್ಲರಿಗೂ ಅನುಕೂಲ.